ಬಾಟ್ಲಿ ಮ್ಯಾಲಿನ ಮರಿತಾಯಮ್ಮ

ಮಳವಳ್ಳಿ ರಸ್ತೆಯಲ್ಲಿ ಹೊಸದಾಗಿ ಶುರುವಾದ ವೈನ್ ರುಚಿ ನೋಡುವ ಕೋಣೆಯ ಗೋಡೆ ತುಂಬಾ ತನ್ನ ಮಗಳು ಬರೆದ ಚಿತ್ರಗಳಿವೆ ಅಂದರೆ ಪಟ್ಟಲಮ್ಮನಿಗೆ ಅರ್ಧ ಹೆಮ್ಮೆ, ಅರ್ಧ ಕಿರಿಕಿರಿ. ಮಗಳು ಮಂಜುಶ್ರೀ ಮದ್ದೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ನಾಟಿ ಹಾಕುವ ಹೆಂಗಸರು, ನಾಲೆಯಲ್ಲಿ ಎಮ್ಮೆಯ ಮೈ ತಿಕ್ಕುವವರು, ಆಲೆಮನೆಯ ಹೊಗೆ, ಡೈರಿ ಮುಂದೆ ಕ್ಯಾನು ಹಿಡಿದು ನಿಂತ ಸಾಲು, ಹೀಗೆ ಒಂಬತ್ತು ಚಿತ್ರ ಕೊಟ್ಟಿದ್ದಳು.

"ಕುಡಿಯೋ ಜಾಗಕ್ಕೆ ಯಾಕವ್ವ ಕೊಟ್ಟೆ?" ಎಂದು ಪಟ್ಟಲಮ್ಮ ಕೇಳಿದ್ದಳು.

"ನೋಡೋರು ಅಲ್ಲಿಗಾದ್ರೂ ಬತ್ತಾರೆ ಕಣವ್ವ. ಗೋಡೆಗೆ ಅಂತ ಕೊಟ್ಟಿದ್ದೀನಿ, ಇನ್ನೇನಕ್ಕೂ ಅಲ್ಲ."

ಹತ್ತನೆಯ ಚಿತ್ರವೊಂದಿತ್ತು. ಅದು ಮನೆಯಲ್ಲೇ, ಬುದ್ಧನ ಫೋಟೋದ ಪಕ್ಕದಲ್ಲಿತ್ತು. ಅದರಲ್ಲಿದ್ದವಳು ಪಟ್ಟಲಮ್ಮನ ತಾಯಿ ಮರಿತಾಯಮ್ಮ. ಊರಲ್ಲಿ ಸಾರಾಯಿ ಅಂಗಡಿ ಇದ್ದ ಕಾಲದಲ್ಲಿ ಅವಳ ಗಂಡ ಕುಡಿದು ಕುಡಿದೇ ಸತ್ತ. ಹನ್ನೊಂದು ದಿನ ಕಳೆಯಲಿಲ್ಲ, ಮರಿತಾಯಮ್ಮ ಕೇರಿಯ ಹೆಂಗಸರನ್ನು ಕರೆದುಕೊಂಡು ಒನಕೆ ಹಿಡಿದು ಹೋಗಿ, ಅಂಗಡಿಯ ಕ್ಯಾನುಗಳನ್ನೆಲ್ಲ ಬೀದಿಗೆ ಸುರಿದಳು. ಅಂಗಡಿಯವನು ದೊಣ್ಣೆಯಲ್ಲಿ ಬಾರಿಸಿದ. ಹಣೆ ಒಡೆಯಿತು. ಆದರೂ ಆ ಅಂಗಡಿ ಮತ್ತೆ ಬಾಗಿಲು ತೆರೆಯಲಿಲ್ಲ. ಮಂಜುಶ್ರೀ ಅಜ್ಜಿಯನ್ನು ಹಾಗೆಯೇ ಬರೆದಿದ್ದಳು: ಕೈಯಲ್ಲಿ ಒನಕೆ, ಬರಿ ಹಣೆ, ಹುಬ್ಬಿನಿಂದ ಕೂದಲವರೆಗೆ ಎದ್ದು ಕಾಣುವ ಗಾಯದ ಗೆರೆ.

ಚಿತ್ರ ಆರಿಸಲು ಮನೆಗೆ ಬಂದವಳು ಆ ಕೋಣೆಯ ಉಸ್ತುವಾರಿ ನೋಡಿಕೊಳ್ಳುವ ಶೋಭಿತಾ. ಅಜ್ಜಿಯ ಚಿತ್ರದ ಮುಂದೆಯೇ ಅವಳು ಹೆಚ್ಚು ಹೊತ್ತು ನಿಂತಳು. "ಇದು ಮನೆ ಬಿಟ್ಟು ಹೋಗಲ್ಲ," ಎಂದಳು ಮಂಜುಶ್ರೀ. "ಹೋಗ್ಲಿ, ನನಗೋಸ್ಕರ ಒಂದು ಫೋಟೋ ತಗೊಳ್ಲಾ?" ಎಂದು ಶೋಭಿತಾ ಕೇಳಿದಾಗ, ಮಜ್ಜಿಗೆ ಲೋಟ ಹಿಡಿದು ಬಂದ ಪಟ್ಟಲಮ್ಮನೇ "ತಗಳವ್ವ, ಅದಕ್ಕೇನಂತೆ" ಅಂದಿದ್ದಳು.

ಒಂದು ಭಾನುವಾರ ಮಂಜುಶ್ರೀ ತಾಯಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದಳು. ದ್ರಾಕ್ಷಿ ತೋಟದ ನಡುವೆ ಹಂಚಿನ ಕಟ್ಟಡ, ಉದ್ದನೆಯ ಮರದ ಮೇಜು, ಎತ್ತರದ ಸ್ಟೂಲುಗಳು. ಬೆಂಗಳೂರಿನಿಂದ ಬಂದ ಏಳೆಂಟು ಜನ ಗ್ಲಾಸು ಮೂಸುತ್ತಿದ್ದರು. ನಾಟಿಯ ಚಿತ್ರದಲ್ಲಿ ಸೊಂಟ ಬಗ್ಗಿಸಿ ನಿಂತವಳು ತಾನೇ ಎಂದು ಗುರುತಾಗಿ ಪಟ್ಟಲಮ್ಮನಿಗೆ ನಗು ಬಂತು. ನಗುತ್ತಲೇ ತಿರುಗಿದವಳಿಗೆ ಎದುರಿನ ಬೀರು ಕಂಡಿತು.

ಬೀರುವಿನ ತುಂಬಾ ಬಾಟ್ಲಿ. ಒಂದೊಂದು ಬಾಟ್ಲಿಯ ಮೇಲೂ ಅವಳ ಅವ್ವ.

ಹತ್ತಿರ ಹೋಗಿ ನೋಡಿದಳು. ಮುಖ ಅವ್ವನದೇ, ಸೆರಗೂ ಅವ್ವನದೇ. ಒನಕೆ ಇದ್ದ ಕೈಯಲ್ಲಿ ದ್ರಾಕ್ಷಿ ಗೊಂಚಲು. ಹಣೆಯ ಗಾಯ ಮಾಯವಾಗಿ, ಅಲ್ಲಿ ಕಾಸಗಲದ ಕುಂಕುಮ. ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ "ಚೆಲುವಿ" ಎಂಬ ಹೆಸರು.

"ಇಂದುಗಡೆ ಏನ್ ಬರ್ದವ್ರೆ, ಓದು," ಎಂದು ಬಾಟ್ಲಿ ತಿರುಗಿಸಿ ಮಗಳ ಕೈಗೆ ಕೊಟ್ಟಳು.

ಮಂಜುಶ್ರೀ ಓದಿ ಹೇಳಿದಳು. "ಹಬ್ಬದ ದಿನ ಮೊಮ್ಮಕ್ಕಳಿಗೂ ಒಂದು ಗುಟುಕು ಕೊಡುತ್ತಿದ್ದ ನಮ್ಮ ಹಳ್ಳಿಯ ನಗುಮುಖದ ಅಜ್ಜಿ, ಅಂತ ಬರ್ದವ್ರೆ ಕಣವ್ವ."

ಇಪ್ಪತ್ತೆಂಟು ವರ್ಷ ಅಂಗನವಾಡಿ ನಡೆಸಿದ ಗಂಟಲು ಪಟ್ಟಲಮ್ಮನದು. "ಯಾರ್ರೀ ಇದಕ್ಕೆ ಯಜಮಾನ್ರು?" ಎಂದಾಗ ಗ್ಲಾಸು ಮೂಸುತ್ತಿದ್ದವರೆಲ್ಲ ತಿರುಗಿ ನೋಡಿದರು.

ಯಜಮಾನ ನಾಗರಾಜು ಒಳಗಿನಿಂದ ಬಂದ. ಕೆರಗೋಡು ಕಡೆಯ ದೊಡ್ಡ ಹಿಡುವಳಿದಾರ. ಕಬ್ಬು ತೆಗೆದು ದ್ರಾಕ್ಷಿ ಹಾಕಿದವನು. ಸಮಾಧಾನದ ಮನುಷ್ಯನೇ. "ಕೂತ್ಕಳಮ್ಮ ಮೊದ್ಲು. ನಿಮ್ಮ ತಾಯಿಗೆ ಮರ್ಯಾದೆ ಮಾಡಿದ್ದೀವಲ್ವ? ಎಲ್ಲೆಲ್ಲಿಗೋ ಓಯ್ತದೆ ಅವ್ರ ಮುಖ. ಕುಂಕುಮ ಇಟ್ಟಿದ್ದು ಲಕ್ಷಣವಾಗಿ ಕಾಣ್ಲಿ ಅಂತ. ಬೇಕಾದ್ರೆ ಮಗಳ ಹೆಸರೂ ಹಾಕ್ಸಣ ಬುಡಿ."

"ಮರ್ಯಾದೆನಾ?" ಪಟ್ಟಲಮ್ಮ ಬಾಟ್ಲಿಯೊಂದನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು. "ನಮ್ಮಪ್ಪನ್ನ ಇದೇ ತಿಂದಾಕಿದ್ದು. ಇದನ್ನ ಊರಿಂದ ಓಡ್ಸಕ್ಕೆ ಓಗಿ ನಮ್ಮವ್ವ ಅಣೆ ಒಡೆಸ್ಕಂಡ್ಳು. ಆ ಗಾಯ ಅಳಿಸಿ ಕುಂಕುಮ ಇಡಕ್ಕೆ ನೀವ್ಯಾರು? ಮೊಮ್ಮಕ್ಕಳಿಗೆ ಕುಡಿಸ್ತಿದ್ಲು ಅಂತ ನಿಮಗೆ ಯಾರು ಯೋಳ್ದೋರು?"

"ಸಾರಾಯಿ ಬೇರೆ, ವೈನು ಬೇರೆ ಕಣಮ್ಮ…"

"ಅದು ನಿಮ್ ಯಾಪಾರ, ನೀವು ಮಾಡ್ಕಳಿ. ನಮ್ಮವ್ವ ನಿಮ್ ಯಾಪಾರಕ್ಕಲ್ಲ. ನಮ್ಮನ್ನ ಒಂದ್ ಮಾತು ಕೇಳಿದ್ರಾ? ಚಿತ್ರ ಕೊಡಲ್ಲ ಅಂದ್ಮೇಲೂ ನಮ್ಮನೇಲಿ ಮಜ್ಜಿಗೆ ಕುಡ್ಕಂಡು, ತನಗೋಸ್ಕರ ಅಂತ ಫೋಟೋ ತಕ್ಕಂಡು, ಇಲ್ಲಿಗೆ ತಂದ್ಲಲ್ಲ ಆ ಉಡುಗಿ!"

ಮೇಜಿನ ಹಿಂದೆ ಗ್ಲಾಸು ಒರೆಸುತ್ತಿದ್ದ ಶೋಭಿತಾ ಬಟ್ಟೆ ಕೆಳಗಿಟ್ಟಳು. ಅಷ್ಟರಲ್ಲಿ ಮಂಜುಶ್ರೀ ಗೋಡೆಯಿಂದ ತನ್ನ ಚಿತ್ರಗಳನ್ನು ಇಳಿಸತೊಡಗಿದ್ದಳು. ಒಂಬತ್ತೂ ಇಳಿದ ಮೇಲೆ ಬರಿ ಮೊಳೆಗಳು ಉಳಿದವು. ಬೆಂಗಳೂರಿನವರಲ್ಲೊಬ್ಬ ಮೊಬೈಲು ಹಿಡಿದು ಎಲ್ಲದರ ವಿಡಿಯೋ ತೆಗೆಯುತ್ತಿದ್ದುದು ನಾಗರಾಜುವಿನ ಕಣ್ಣಿಗೆ ಬಿತ್ತು.

"ಆಯ್ತಮ್ಮ, ನಾಳೆ ಬಾಟ್ಲಿ ಮೇಲಿನ ಚೀಟಿ ಎಲ್ಲ ತೆಗೆಸ್ತೀನಿ," ಎಂದ.

"ನಾಳೆ ಗೀಳೆ ಬ್ಯಾಡ. ಈಗ್ಲೇ. ನನ್ ಕಣ್ ಮುಂದೆ."

ಬಿಸಿನೀರಿನ ಟಬ್ಬುಗಳು ಬಂದವು. ನೂರಾ ನಲವತ್ತು ಬಾಟ್ಲಿ. ಶೋಭಿತಾ ಅಂಗಿಯ ತೋಳು ಮೇಲೆ ಮಡಚಿ ಕೂತು, ನೆನೆದ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದಳು. ನಾಗರಾಜುವೂ ನಾಲ್ಕಾರು ಬಿಡಿಸಿದ. ಪಟ್ಟಲಮ್ಮ ನೆಲದ ಮೇಲೆ ಕೂತು ಒಂದೊಂದು ಚೀಟಿಯನ್ನೂ ಕೈಯಲ್ಲಿ ಇಸಿದುಕೊಂಡು ಚೀಲಕ್ಕೆ ಹಾಕಿದಳು. ಅವ್ವನ ಮುಖ ಅಲ್ಲಿನ ಕಸದ ಡಬ್ಬಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು.

"ತಪ್ಪಾಯ್ತು ಅಮ್ಮ," ಎಂದಳು ಶೋಭಿತಾ ಕೊನೆಗೆ.

ಪಟ್ಟಲಮ್ಮ ಚೀಲದ ಬಾಯಿ ಬಿಗಿದು ಕಟ್ಟಿದಳು. "ಇಷ್ಟೇನಾ? ಇನ್ನೂ ಅವಾ?"

"ಮೂರು ಬಾಕ್ಸು ಬೆಂಗಳೂರಿಗೆ ಹೋಗ್ಬಿಟ್ಟಿವೆ."

ಲಗೇಜ್ ಆಟೋದಲ್ಲಿ ಚಿತ್ರಗಳನ್ನೂ ಸ್ಕೂಟರನ್ನೂ ಹೇರಿಕೊಂಡು ಮನೆಗೆ ಬರುವಾಗ ಮಂಜುಶ್ರೀ, "ನನ್ನ ಬಯ್ಯವ್ವ," ಎಂದಳು. "ನಿನ್ನ ಯಾಕ್ ಬಯ್ಲಿ? ಫೋಟೋ ತಗ ಅಂದೋಳು ನಾನು," ಎಂದ ಪಟ್ಟಲಮ್ಮ, ಬೆಳಗಾಗುವುದನ್ನೇ ಕಾದು ಮಗಳನ್ನು ಕರೆದುಕೊಂಡು ಹೋಗಿ ಪೊಲೀಸರಿಗೆ ದೂರು ಬರೆದುಕೊಟ್ಟಳು. ಆ ಚಿತ್ರವನ್ನು ಇನ್ನೆಲ್ಲೂ ಬಳಸುವುದಿಲ್ಲ, ಹೋದ ಬಾಕ್ಸುಗಳನ್ನು ತರಿಸುತ್ತೇನೆ ಎಂದು, ಪೊಲೀಸರು ಕರೆಸಿದಾಗ, ನಾಗರಾಜು ಬರೆದು ಸಹಿ ಹಾಕಿದ.

ಎರಡು ಬಾಕ್ಸು ವಾಪಸು ಬಂದವು. ಮೂರನೆಯದನ್ನು ಯಾರೋ ಕೊಂಡು ಹೋಗಿದ್ದಾರೆ, ಎಲ್ಲಿದೆಯೋ ಗೊತ್ತಿಲ್ಲ ಎನ್ನುತ್ತಾನೆ ನಾಗರಾಜು. ಪಟ್ಟಲಮ್ಮ ಒಪ್ಪಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವಳೇ ಅವನಿಗೆ ಫೋನು ಹಚ್ಚುತ್ತಾಳೆ. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ.

"ಬಂದ್ಳಾ ನಮ್ಮವ್ವ?"