ಲವಂಗದ ಡಬ್ಬಿ

ಸುರಪುರದ ಬಟ್ಟೆ ಅಂಗಡಿಯ ನೀಲಕಂಠಪ್ಪ ಐವತ್ತೆರಡು ವರ್ಷದಲ್ಲಿ ಒಂದು ಹನಿ ಸೆರೆ ಮುಟ್ಟಿದವನಲ್ಲ. ಅದು ಹೆಂಡತಿ ಶಿವಬಸಮ್ಮನಿಗೆ ಗೊತ್ತು. ಊರು ಮಾತ್ರ ನಂಬಲಿಲ್ಲ. ಶಹಾಪುರದ ಡಾಕ್ಟರು ತೆಗೆಸಿದ ಸ್ಕ್ಯಾನಿಂಗ್ ಫೋಟೋವನ್ನು ಈ ಮಹಾಶಯ ಮದುವೆಪತ್ರಿಕೆಯ ಹಾಗೆ ಅಂಗಡಿ ಅಂಗಡಿಗೆ ತೋರಿಸಿ ಬಂದಿದ್ದ.

"ಲಿವರ್‌ನಾಗ ಕೊಬ್ಬು ಅದ ಅಂತ. ತುಪ್ಪ ಉಂಡ ಮೈ ನೋಡ್ರಿ."

ಕೇಳಿದವರು ತಲೆಯಾಡಿಸಿದರು, ಅವನು ಬೆನ್ನು ತಿರುಗಿಸಿದ ಕೂಡಲೇ ಕಣ್ಣು ಹೊಡೆದರು. ಲಿವರ್ ಕೆಡುವುದು ಕುಡುಕರಿಗಲ್ಲವೇ? ಇಲ್ಲದಿದ್ದರೆ ಇವನು ಹೊತ್ತು ಹೊತ್ತಿಗೂ ಲವಂಗ ಅಗಿಯುವುದು ಯಾತಕ್ಕೆ?

ಯಾತಕ್ಕೆಂದು ಶಿವಬಸಮ್ಮನನ್ನು ಕೇಳಬೇಕು. ನಾಲ್ಕು ವರ್ಷದಿಂದ ಅವನ ವಸಡಿನಲ್ಲಿ ರಕ್ತ, ಕೀವು. ಬೆಳಿಗ್ಗೆ ಬಚ್ಚಲಲ್ಲಿ ಕೆಂಪಗೆ ಉಗುಳಿ, ಸುಟ್ಟ ತಂಬಾಕಿನ ಪುಡಿ ತಿಕ್ಕಿ, ನಾತ ಮುಚ್ಚಲು ಲವಂಗದ ಡಬ್ಬಿ ಜೇಬಿಗಿಳಿಸಿದರೆ ಮನೆವೈದ್ಯ ಮುಗಿಯಿತು.

ಡಾಕ್ಟರು ಬಿಡಿಸಿ ಹೇಳಿದ್ದರು: "ಸಕ್ಕರಿ ಚಹಾ, ಭಜಿ ಬಿಡ್ರಿ, ಹೊಟ್ಟಿ ಇಳಸ್ರಿ. ವಸಡೂ ತೋರಿಸ್ರಿ. ಅಲ್ಲಿನ ಹೊಲಸು ರಕ್ತಕ್ಕ ಇಳದು ಲಿವರಿಗೂ ತ್ರಾಸ ಕೊಡತದ ಅಂತ ಈಗ ಹೇಳಾಕತ್ತಾರ. ಅದೊಂದರಿಂದನ ಕೊಬ್ಬು ಬಂತು ಅನ್ನಾಕ ಬರಂಗಿಲ್ಲ. ಆದ್ರ ಹಂಗೇ ಬಿಡಬ್ಯಾಡ್ರಿ."

ವಾಪಸು ಬರುವಾಗ ನೀಲಕಂಠಪ್ಪ ಬಸ್ಸಿನಲ್ಲಿ ಸುರಪುರದ ತನಕ ನಕ್ಕ. "ಬಾಯಿ ಎಲ್ಲಿ, ಲಿವರ್ ಎಲ್ಲಿ? ಹಲ್ಲಿನ ಡಾಕ್ಟರ್ ಕೈ ಹಾಕಿದ್ರ ಕಣ್ಣು ಹೋಗ್ತಾವ."

"ಇರೋ ಕಣ್ಣಿಂದ ಏನು ಕಂಡೀರಿ?" ಎಂದಳು ಶಿವಬಸಮ್ಮ.

ಸೋಮವಾರ ಮಠದ ಕಮಿಟಿಯ ಮೂವರು ಮನೆಗೆ ಬಂದರು. ದಾಸೋಹದ ಮನೆಯ ಕೀಲಿಕೈ ಅಪ್ಪನ ಕಾಲದಿಂದ ನೀಲಕಂಠಪ್ಪನಲ್ಲಿತ್ತು. ಅವನ ಮಾನವೆಲ್ಲ ಆ ಒಂದು ಕೀಲಿಕೈಯಲ್ಲಿ. ಹಿರಿಯ ಸಂಗಮನಾಥ ದವಡೆಯ ತಂಬಾಕನ್ನು ಆಚೆ ಸರಿಸಿ, "ತಂಗಿ, ಕುಡಿಯೋರ ಕೈಯಾಗ ದಾಸೋಹದ ಕೀಲಿ ಇರಬಾರದು" ಎಂದ.

ನೀಲಕಂಠಪ್ಪ ಕೀಲಿಕೈ ತಂದು ಮೇಜಿನ ಮೇಲಿಟ್ಟ. ಕೊರಳ ಲಿಂಗ ಹಿಡಿದು ಆಣೆ ಮಾಡಿದ.

"ಆಣಿ ಇರಲಿ. ಲವಂಗ ಯಾಕ?" ಎಂದ ಸಂಗಮನಾಥ.

ಗಂಡ ತಲೆ ತಗ್ಗಿಸಿದ. ಬಾಯಿ ನಾರುತ್ತದೆ ಎನ್ನುವುದಕ್ಕಿಂತ ಕುಡುಕ ಅನ್ನಿಸಿಕೊಳ್ಳುವುದೇ ವಾಸಿ ಎಂಬಂತೆ ನಿಂತಿದ್ದ. ಇಂಥ ಮಾನಕ್ಕೆ ಬೆಂಕಿ ಹಾಕಬೇಕು ಅನ್ನಿಸಿತು ಶಿವಬಸಮ್ಮನಿಗೆ. ಡಬ್ಬಿ ಕಸಿದುಕೊಂಡಳು.

"ಹೋಗಿ ಬಾಯಿ ಮುಕ್ಕಳಿಸಿ ಬರ್ರಿ."

ಬಂದ.

"ಬಾಯಿ ತೆಗಿರಿ. ಕಾಕಾ, ಮೂಸಿ ನೋಡ್ರಿ."

ಸಂಗಮನಾಥ ಬಗ್ಗಿದವನೇ ಶಲ್ಯವನ್ನು ಮೂಗು ಬಾಯಿಗೆ ಒತ್ತಿ ಹಿಂದೆ ಸರಿದ. "ಇದು ಸೆರೆ ಅಲ್ಲ ತಂಗಿ."

"ಅಲ್ರಿ. ನಾಕು ವರ್ಷದ ವಸಡಿನ ಕೀವು. ಡಾಕ್ಟರ್ ಹೇಳಿದ್ರ ನಗ್ತಾರ ನಿಮ್ಮ ನೀಲಕಂಠಪ್ಪ. ಈಗ ನೀವು ಬಾಯಿ ತೆಗಿರಿ ಕಾಕಾ, ನೋಡೂಣು."

ಕಾಕಾ ಶಲ್ಯವನ್ನು ಬಾಯಿಯಿಂದ ತೆಗೆಯಲೇ ಇಲ್ಲ. ಉಳಿದಿಬ್ಬರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಕೀಲಿಕೈ ಮೇಜಿನ ಮೇಲೇ ಉಳಿಯಿತು.

ನೀಲಕಂಠಪ್ಪ ಹಿಗ್ಗಿ ಕೈ ಚಾಚಿದ. ಅವಳು ಅದನ್ನೆತ್ತಿ ಸೆರಗಿಗೆ ಗಂಟು ಹಾಕಿಕೊಂಡಳು.

"ಹಲ್ಲಿನ ಡಾಕ್ಟರ್ ಚೀಟಿ ತಂದು ಇಸ್ಕೊರಿ."

"ಕಣ್ಣು ಹೋದ್ರ?"

"ಹೋಗ್ಲಿ. ದಾಸೋಹದ ಬಾಗಲಾ ನಾ ತೆಗಿತೀನಿ."