ಮೈಮೇಲೆ ಬಂದದ್ದು

ಶುಕ್ರವಾರ ಬಂತೆಂದರೆ ರಾಚವ್ವನಿಗೆ ಬೆಳಗಿನಿಂದಲೇ ಓಕರಿಕೆ. ಬೊಂಬಾಯಿಯ ಕುರ್ಲಾದ ಅವರ ಚಾಳಿನ ಹೆಂಗಸರೆಲ್ಲ ಅವಳ ಕೋಣೆಗೆ ನುಗ್ಗುತ್ತಿದ್ದರು. ಕೆಲವು ವಾರಗಳಿಂದ ಅವಳ ಕೈಗಳು ತಾವಾಗಿಯೇ ತಿರುಚಿ ಹಾರುತ್ತಿದ್ದವು, ಮುಖ ಸೊಟ್ಟಗಾಗುತ್ತಿತ್ತು, ನಾಲಿಗೆ ಹೊರಚಾಚಿ ಸರ್ರನೆ ಒಳಗೆ ಸೇರುತ್ತಿತ್ತು. ಅತ್ತೆ ಬಸಲಿಂಗವ್ವ ಅದನ್ನು ಕಂಡ ದಿನವೇ ಸಾರಿಬಿಟ್ಟಿದ್ದಳು: "ನನ್ನ ಸೊಸಿ ಮೈಮ್ಯಾಲ ಎಲ್ಲವ್ವ ಬಂದಾಳ!"

ಅಂದಿನಿಂದ ತಲೆಯ ಮೇಲೆ ಅರಿಸಿನದ ನೀರು. ಕುಂಕುಮ ಬೆವರಿನಲ್ಲಿ ಕರಗಿ ಬಾಯೊಳಗೆ ಇಳಿದು ಕೆಸರಾಗುತ್ತಿತ್ತು. ಯಾರ್ಯಾರದೋ ಜಿಡ್ಡು ಬೆರಳುಗಳು ಪಾದ ಸವರುತ್ತಿದ್ದವು. ನಲ್ಲಿಯ ಹತ್ತಿರ ಅವಳನ್ನು ತಳ್ಳಿ ಕೊಡ ಇಡುತ್ತಿದ್ದ ಹೆಂಗಸೇ ಈಗ ಅವಳ ಎಂಜಲು ಬಾಳೆಹಣ್ಣನ್ನು ಪ್ರಸಾದವೆಂದು ಚಪ್ಪರಿಸುತ್ತಿದ್ದಳು.

ಪಕ್ಕದ ಕೋಣೆಯ ರಾಜೀವಿ ಮಂಗಳೂರು ಕಡೆಯವಳು. ಒಂದು ಮಧ್ಯಾಹ್ನ ಕೇಳಿದಳು, "ನಿದ್ದೆಯಲ್ಲೂ ಕೈ ಕುಣೀತದಾ, ಮಾರಾಯ್ತಿ?"

"ಇಲ್ಲ."

"ಹಾಗಾದ್ರೆ ನಿನ್ನ ದೇವಿಗೂ ನಿದ್ದೆ ಬರ್ತದೆ! ಎಂತ ದೇವಿ ಇದು? ನಡಿ ಆಸ್ಪತ್ರೆಗೆ."

ಇಬ್ಬರೂ ಲೋಕಲ್ ರೈಲು ಹತ್ತಿದರು. ಡಾಕ್ಟರಮ್ಮ ತಮ್ಮ ಬೆರಳು ಹಿಡಿದುಕೊಳ್ಳಲು ಹೇಳಿದರು. ರಾಚವ್ವನ ಮುಷ್ಟಿ ಹಾಲು ಕರೆಯುವಂತೆ ಬಿಗಿಯಿತು, ಸಡಿಲಿತು, ಮತ್ತೆ ಬಿಗಿಯಿತು. ಮಳೆಗಾಲದಲ್ಲಿ ಗಂಟಲು ಕೆಟ್ಟು, ಆಮೇಲೆ ಕೀಲುಗಳು ಊದಿ ಜ್ವರ ಬಂದದ್ದನ್ನು ಕೇಳಿ ತಿಳಿದರು. ಅದೇ ಕಾಯಿಲೆ ಮಿದುಳಿನಲ್ಲಿ ಕೈಕಾಲುಗಳನ್ನು ಹಿಡಿತದಲ್ಲಿಡುವ ಭಾಗವನ್ನು ಕೆರಳಿಸಿದೆ, ಇದು ನಿಲ್ಲುತ್ತದೆ ಎಂದರು. ಆದರೆ ಹಾಸಿಗೆ ಬಿಟ್ಟು ಏಳಬಾರದು. ಆ ಜ್ವರ ಹೃದಯಕ್ಕೂ ತಗುಲಿದೆ, ಎದ್ದು ಓಡಾಡಿದರೆ ಅದು ಇನ್ನೂ ಕೆಡುತ್ತದೆ.

"ಬೊಂಬಾಯಿ ಡಾಕ್ಟರಗ ಅವ್ವನ ಮಹಿಮಾ ಏನ್ ತಿಳೀತದ?" ಎಂದು ಅತ್ತೆ ನಕ್ಕಳು. ಶುಕ್ರವಾರ ಮತ್ತೆ ಅವಳನ್ನು ಎಬ್ಬಿಸಿ ಮಣೆಯ ಮೇಲೆ ಕೂರಿಸಿದಳು.

"ಅತ್ತಿ, ನನ್ನ ಮೈಮ್ಯಾಲ ಯಾರೂ ಬಂದಿಲ್ಲ. ಬ್ಯಾನಿ ಅದ. ನಾ ಮಲಗ್ತೀನ್ರಿ," ರಾಚವ್ವ ತೊದಲಿದಳು.

"ಕೇಳಿದಿರೇನ್ರೆವಾ, ಅವ್ವ ಹೆಂಗ ಪರೀಕ್ಷಾ ಮಾಡ್ತಾಳ!" ಎನ್ನುತ್ತ ಅತ್ತೆ ಕೊಡ ಎತ್ತಿದಳು.

ತಣ್ಣೀರು ಎದೆಗೆ ಬಡಿಯಿತು. ರಾಚವ್ವನಿಗೆ ಸಿಟ್ಟು ನೆತ್ತಿಗೇರಿತು. ಯಾವ ಸೊಸೆಯೂ ಕರೆಯದಂತೆ ಅತ್ತೆಯನ್ನು ಹೆಸರು ಹಿಡಿದು ಕರೆದಳು:

"ಏ ಬಸಲಿಂಗಿ! ಸಾಕು ಮಾಡ! ಹಾಸಿಗಿ ಹಾಸ! ಎಲ್ಲಾರೂ ಹೊರಗ ನಡೀರಿ!"

ಬಸಲಿಂಗವ್ವ ಕೊಡ ಇಳಿಸಿ ಗಲ್ಲ ಗಲ್ಲ ಬಡಿದುಕೊಂಡಳು. "ತಪ್ಪಾತು ತಾಯಿ, ಹಾಸ್ತೀನಿ." ಹೆಂಗಸರು ನೆಲಕ್ಕೆ ಹಣೆ ಹಚ್ಚಿ, ಬೆನ್ನು ತೋರಿಸದೆ ಹಿಂದಹಿಂದಕ್ಕೆ ಸರಿಯುತ್ತ ಹೊರಟರು.

ಹಾಸಿಗೆ ಸಿಕ್ಕಿತು. ಸೊಸೆಯ ಮಾತಿಗೆ ಕಿವಿಗೊಡದವಳು ಈಗ ಅವಳ ಕಾಲೊತ್ತುತ್ತ ಕೂತಿದ್ದಳು. ಬೈದದ್ದು ದೇವಿಯಲ್ಲ, ನಾನೇ ಎಂದುಬಿಟ್ಟರೆ ಮುಂದಿನ ಶುಕ್ರವಾರ ಮತ್ತೆ ಎಬ್ಬಿಸಿ ನೀರು ಸುರಿಯುತ್ತಾಳೆ. ರಾಚವ್ವ ಆ ಭಕ್ತಿಯ ಕೈಗಳಿಂದ ಕಾಲು ಎಳೆದುಕೊಳ್ಳದೆ, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.