ಡಸ್ಟರ್ ಕೊಡುವುದಿಲ್ಲ

ಮನೆಯಿಂದ ಹೊರಡುವಾಗಲೇ ಅತ್ತೆ ಕೈ ಮುಗಿದಿದ್ದರು. “ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಂಡು ಪಾಸಾಗಿ ಬಾರಮ್ಮ ತಾಯಿ.”

ಅವರ ಭಯ ಸುಳ್ಳಲ್ಲ. ನಾನು ಈ ಶಾಲೆಯಲ್ಲಿ ಹಂಗಾಮಿ ಟೀಚರ್. ಅವತ್ತು ನನ್ನ ತರಬೇತಿಯ ಕೊನೆಯ ಪರೀಕ್ಷಾ ಪಾಠ. ಪಾಸಾದರೆ ಕೆಲಸ ಕಾಯಂ, ಫೇಲಾದರೆ ರಜೆ ಮುಗಿದ ಮೇಲೆ ಬಾಗಿಲು ಬಂದ್. ಪರೀಕ್ಷಕರಾಗಿ ಬಂದವರು ನಮಗೆ ಕಲಿಕೆಯ ಮನಶ್ಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರೇ. ‘ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ’ ಎಂಬ ವಾಕ್ಯವನ್ನು ನಮ್ಮಿಂದ ಬರೆಸಿ, ಬಾಯಿಪಾಠ ಮಾಡಿಸಿ, ಒಂದಕ್ಷರ ತಪ್ಪಿದರೂ ಅಂಕ ಕಿತ್ತುಕೊಂಡ ಪುಣ್ಯಾತ್ಮ. ನಾನೂ ಬಾಯಿಪಾಠ ಮಾಡಿದ್ದೆ. ಗ್ರಹಚಾರಕ್ಕೆ ನಂಬಿಯೂ ಬಿಟ್ಟಿದ್ದೆ.

ಪಾಠ ಭಿನ್ನರಾಶಿ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಬೇಕು. “ಯಾರು ಮಾಡ್ತೀರಿ?” ಎಂದೆ. ಎದ್ದವಳು ಪೆನ್ಸಿಲ್. ಸಣಕಲು ಕಡ್ಡಿಯಂತಿದ್ದಾಳೆಂದು ಕ್ಲಾಸು ಇಟ್ಟ ಹೆಸರು ಅದು. ವರ್ಷವಿಡೀ ಬೋರ್ಡಿನ ಹತ್ತಿರ ಸುಳಿಯದವಳು ಬಂದು, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, 2/5 ಎಂದು ದೊಡ್ಡದಾಗಿ ಬರೆದು ಕೂತಳು.

ಹಿಂದಿನ ಬೆಂಚಿನಿಂದ ಮೇಷ್ಟ್ರು ಕೆಮ್ಮಿದರು. ನಾನು ಅಳಿಸಲಿಲ್ಲ. ಎಲ್ಲರಿಗೂ ಮೂವತ್ತು ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿ ಹಂಚಿ, “ಇದು ಪೂರ್ತಿ ಒಂದು. ಇದರಲ್ಲಿ ಅರ್ಧ ಎಷ್ಟು, ಮೂರನೇ ಒಂದು ಭಾಗ ಎಷ್ಟು, ಪೆನ್ಸಿಲ್ ಬರೆದಿದ್ದು ಎಷ್ಟು? ಅಳೆದು ನೋಡಿ” ಎಂದೆ.

ಮೇಷ್ಟ್ರು ಎದ್ದೇ ಬಂದರು. “ಏನಮ್ಮಾ ಇದು? ತಪ್ಪನ್ನ ಬೋರ್ಡ್ ಮೇಲೆ ಬಿಡ್ತಾರಾ? ಕಣ್ಣಿಗೆ ಬಿದ್ದಷ್ಟೂ ಅದೇ ತಲೆಗೆ ಅಂಟುತ್ತೆ. ಅಳಿಸಿ, ಸರಿ ಉತ್ತರ ಬರೀರಿ, ಎಲ್ರ ಕೈಲೂ ಹೇಳಿಸಿ.”

“ಅವಳು ಬರ್ದಿದ್ದು ಸರ್. ಅಳಿಸೋದಿದ್ರೆ ಅವಳೇ ಅಳಿಸ್ತಾಳೆ.”

“ಡಸ್ಟರ್ ಕೊಡಿ ಇಲ್ಲಿ.”

ಡಸ್ಟರನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ನಲವತ್ತು ದಾಟಿದ ಹೆಂಗಸು, ಮಿಠಾಯಿ ಬಚ್ಚಿಟ್ಟ ಮಗುವಿನ ಹಾಗೆ! ಅತ್ತೆಯ ಮುಗಿದ ಕೈ ಕಣ್ಣ ಮುಂದೆ ಬಂತು. ಕೊಟ್ಟುಬಿಡೇ, ನಿಮ್ಮಪ್ಪನ ಗಂಟೇನು ಹೋಗುತ್ತೆ ಎಂದಿತು ಒಂದು ಮನಸ್ಸು. ಅಷ್ಟರಲ್ಲಿ ಪೆನ್ಸಿಲ್ ಕಡೆ ನೋಡಿದೆ. ಮುಖ ಸಪ್ಪಗಾಗಿತ್ತು, ಕೈ ಆಗಲೇ ಪಟ್ಟಿಯನ್ನು ಮುದುರತೊಡಗಿತ್ತು. ಈಗ ಅಳಿಸಿದರೆ ಇವಳು ಇನ್ನು ಜನ್ಮದಲ್ಲಿ ಬೋರ್ಡಿಗೆ ಬರುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

“ಕೊಡಲ್ಲ ಸರ್. ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ. ನೀವೇ ಬರೆಸಿದ್ದು. ಒಂದಕ್ಷರ ತಪ್ಪಿದ್ರೆ ಹೇಳಿ.”

“ಅದು ಪರೀಕ್ಷೇಲಿ ಬರೆಯೋಕೆ ಕಣಮ್ಮಾ!”

“ಇದೂ ಪರೀಕ್ಷೆನೇ ಅಲ್ವಾ ಸರ್?”

ಮಕ್ಕಳು ಕಿಸಕ್ಕೆಂದರು. ಮೇಷ್ಟ್ರ ಮುಖ ಕೆಂಪಾಯಿತು. “ನಿಮ್ಮನ್ನ ಪಾಸ್ ಮಾಡೋಕಾಗಲ್ಲ. ಹಟಕ್ಕೆ ಬಿದ್ದು ಕೆಲಸ ಕಳ್ಕೊಂಡ್ರಿ” ಎಂದವರೇ ಸೀಮೆಸುಣ್ಣ ಎತ್ತಿಕೊಂಡು, ಸರಿ ಉತ್ತರ ಬರೆಯಲು ಬೋರ್ಡಿನತ್ತ ತಿರುಗಿದರು.

“ಬೇಡ ಸರ್! ಹೇಳ್ಬೇಡಿ!”

ಕೂಗಿದವಳು ಪೆನ್ಸಿಲ್. ಮುದುರಿದ ಪಟ್ಟಿಯನ್ನು ಬೆಂಚಿನ ಮೇಲೆ ಉಜ್ಜಿ ನೆಟ್ಟಗೆ ಮಾಡಿ, ಪಕ್ಕದಲ್ಲಿ ಸ್ಕೇಲು ಇಟ್ಟುಕೊಂಡಿದ್ದಳು. “ಅರ್ಧ ಅಂದ್ರೇನೇ ಹದಿನೈದು. ನಾನು ಬರ್ದಿದ್ದು ಹನ್ನೆರಡೇ ಬರುತ್ತೆ. ಕೂಡಿಸಿದ್ಮೇಲೆ ಕಮ್ಮಿ ಹೇಗಾಗುತ್ತೆ? ಎಲ್ಲೋ ಎಡವಟ್ಟಾಗಿದೆ. ನಾನೇ ಹುಡುಕ್ತೀನಿ, ಹೇಳ್ಬೇಡಿ!”

“ಹೇಳ್ಬೇಡಿ ಸರ್!” ಇಡೀ ಕ್ಲಾಸು ದನಿಗೂಡಿಸಿತು.

ಮೇಷ್ಟ್ರ ಕೈ ಸೀಮೆಸುಣ್ಣದ ಸಮೇತ ಗಾಳಿಯಲ್ಲೇ ನಿಂತಿತು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಹೊರಟರು. ಬಾಗಿಲಲ್ಲಿ ನಿಂತು, “ಫಲಿತಾಂಶ ಬದಲಾಗಲ್ಲ” ಎಂದರು.

“ಬೇಡ ಬಿಡಿ ಸರ್” ಎಂದೆ. ಸುಳ್ಳೇಕೆ ಹೇಳಲಿ, ಮನೆಗೆ ಹೋಗಿ ಅತ್ತೆಗೆ ಏನು ಹೇಳುವುದೋ ಗೊತ್ತಿರಲಿಲ್ಲ. ಆದರೆ ಪಶ್ಚಾತ್ತಾಪ ಎಳ್ಳಷ್ಟೂ ಇರಲಿಲ್ಲ.

ಗಂಟೆ ಹೊಡೆಯಿತು. ಒಬ್ಬರೂ ಏಳಲಿಲ್ಲ. ಪೆನ್ಸಿಲ್ ಅರ್ಧದ ತುಂಡನ್ನೂ ಮೂರನೇ ಒಂದರ ತುಂಡನ್ನೂ ಕತ್ತರಿಸಿ, ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ ಅಳೆದಳು. ನಂಬಿಕೆ ಬರದೆ ಮತ್ತೊಮ್ಮೆ ಅಳೆದಳು. “ಮೂವತ್ತರಲ್ಲಿ ಇಪ್ಪತ್ತೈದು!” ಎಂದು ಕಿರುಚಿ, ಓಡಿಬಂದು ನನ್ನ ಮುಂದೆ ಕೈ ಚಾಚಿದಳು.

“ಡಸ್ಟರ್ ಕೊಡಿ ಟೀಚರ್.”

ಕೊಟ್ಟೆ.